ಮಾವನ ಗಿಟಾರಿಗೆ ಎಂಟು ಸಾವಿರ ಸುತ್ತು

ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಬೋರ್‌ವೆಲ್ ಮೋಟಾರ್ ಬಿಚ್ಚಿ ಹಾಕಿಕೊಂಡು ಕೂತ ಒಂದು ರಿವೈಂಡಿಂಗ್ ಅಂಗಡಿ ಸಿಗುತ್ತೆ. ಸಂಗೀತದ ಸಾಮಾನಿನ ಅಂಗಡಿಗಳೂ ಇವೆ. ತಬಲಾ, ಹಾರ್ಮೋನಿಯಂ, ಕೀಬೋರ್ಡ್, ಕಾಲೇಜು ಹುಡುಗರು ಕೊಳ್ಳುವ ಮರದ ಗಿಟಾರ್ ಎಲ್ಲಾ ಸಿಗುತ್ತೆ. ಆದರೆ "ನಲವತ್ತು ವರ್ಷ ಹಳೇ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಪಿಕಪ್ ಬೇಕಿತ್ತು" ಅಂತ ಕೇಳಿ ನೋಡಿ. ಒಬ್ಬರು ಗಿಟಾರ್ ಮೀಟುವ ಪ್ಲಾಸ್ಟಿಕ್ ಚೂರು ಕೊಟ್ಟರು. ಇನ್ನೊಬ್ಬರು, ತಮಾಷೆಗಲ್ಲ, "ಬೊಲೆರೊ ಪಿಕಪ್ಪಾ? ಎಲ್ಲಿಗೆ ಹೋಗಬೇಕ್ರಿ?" ಅಂದ್ರು.

ಗಿಟಾರ್ ನಮ್ಮ ಸೋದರಮಾವನದು. ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಹಗಲು ಲೇತ್, ಗಣಪತಿ ಹಬ್ಬ ಬಂತೆಂದರೆ ರಾತ್ರಿ ಆರ್ಕೆಸ್ಟ್ರಾ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಊರೂರಿಗೆ ಆರ್ಕೆಸ್ಟ್ರಾ ಇದ್ದವು. ರಾಜನ್-ನಾಗೇಂದ್ರ ಅವರ ಹಾಡಿಗೆ ಗಿಟಾರ್ ಇಲ್ಲದಿದ್ದರೂ ಹೇಗೋ ಸುಧಾರಿಸಬಹುದಿತ್ತಂತೆ. 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ' ಬಂದ ಮೇಲೆ, ಇಳಯರಾಜಾ ಹಾಡು ಬಾರಿಸೋಕೆ ಗಿಟಾರ್ ಇಲ್ಲದ ತಂಡವನ್ನು ಜನ ವೇದಿಕೆ ಮೇಲೆ ನಿಲ್ಲಗೊಡ್ತಿರಲಿಲ್ಲ ಅಂತ ಮಾವ ಈಗಲೂ ಹೇಳ್ತಾರೆ. ಆಗ ವಿದೇಶಿ ಗಿಟಾರ್ ನಮ್ಮಂಥವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಕಲ್ಕತ್ತಾದಲ್ಲಿ ತಯಾರಾಗುತ್ತಿದ್ದ ಗಿಟಾರ್‌ಗಳೇ ಗತಿ. ಮಾವ ಸೆಕೆಂಡ್ ಹ್ಯಾಂಡ್ ಕೊಂಡದ್ದೂ ಅಂಥದ್ದೇ. ತಲೆಯ ಮೇಲಿದ್ದ ಹೆಸರು ಅಳಿಸಿ ಹೋಗಿ ಎಷ್ಟೋ ಕಾಲವಾಗಿದೆ. ಎರಡು ಪಿಕಪ್, ಒಂದು ಸ್ವಿಚ್, ಎರಡು ಗುಬುಟ. ಅಷ್ಟೆ.

ಪಿಕಪ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಸೈಕಲ್ ಡೈನಮೋ ನೋಡಿದ್ದೀರಲ್ಲ, ಅದೇ ಜಾತಿ. ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಡೈನಮೋದಲ್ಲಿ ಅಯಸ್ಕಾಂತ ತಿರುಗುತ್ತೆ. ಇಲ್ಲಿ ಅಯಸ್ಕಾಂತ ಸುಮ್ಮನೆ ಕೂತಿರುತ್ತೆ, ಮೇಲಿನ ಉಕ್ಕಿನ ತಂತಿ ಅಲುಗುತ್ತೆ. ತಂತಿ ಅಲುಗಿದಂತೆ ಅಯಸ್ಕಾಂತದ ಕ್ಷೇತ್ರ ಅಲುಗಿ, ಸುರುಳಿಯಲ್ಲಿ ಪುಟ್ಟದೊಂದು ವಿದ್ಯುತ್ ಹುಟ್ಟುತ್ತೆ. ಅದನ್ನೇ ಆಂಪ್ಲಿಫೈಯರ್ ದೊಡ್ಡದು ಮಾಡುತ್ತೆ. ಅದಕ್ಕೇ ನೈಲಾನ್ ತಂತಿ ಹಾಕಿದರೆ ಎಲೆಕ್ಟ್ರಿಕ್ ಗಿಟಾರ್ ಮೂಕ. 1930ರ ದಶಕದ ಶುರುವಿನಲ್ಲಿ ಅಮೆರಿಕದ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕೆನ್‌ಬ್ಯಾಕರ್ ಈ ಉಪಾಯವನ್ನು ಒಂದು ಹವಾಯಿಯನ್ ಗಿಟಾರಿಗೆ ಹಾಕಿ ಮಾರಿದರು. ಆಕಾರ ನೋಡಿ ಜನ ಅದನ್ನು 'ಬಾಣಲೆ' ಅಂತ ಕರೆದರು. ಅವತ್ತಿಂದ ಇವತ್ತಿನವರೆಗೆ ಒಳಗಿನ ವಿಜ್ಞಾನ ಅದೇ.

ಮಾವನ ಗಿಟಾರಿನಲ್ಲಿ ಕುತ್ತಿಗೆ ಕಡೆಯ ಪಿಕಪ್ ಸರಿ ಇತ್ತು. ಕೆಳಗಿನ ಬ್ರಿಡ್ಜ್ ಕಡೆಯದು ಸತ್ತಿತ್ತು. "ಒಂದು ಇದೆಯಲ್ಲ, ಸಾಕು ಬಿಡಿ" ಅಂತ ಅತ್ತೆ ಅಂದರು. ಆದರೆ ಈ ಎರಡರ ಸದ್ದು ಒಂದೇ ಅಲ್ಲ. ಕುತ್ತಿಗೆ ಕಡೆ ತಂತಿ ಅಗಲವಾಗಿ ಅಲುಗುತ್ತೆ, ಸದ್ದು ದಪ್ಪ, ಮೃದು. ಬ್ರಿಡ್ಜ್ ಹತ್ತಿರ ಅಲುಗಾಟ ಕಮ್ಮಿ, ಆದರೆ ಮೇಲಿನ ಸ್ವರಾಂಶಗಳು ಹೆಚ್ಚು, ಸದ್ದು ಚುರುಕು. ಮಾವನಿಗೆ ಈಗ ಎಪ್ಪತ್ತರ ಹತ್ತಿರ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಮೇಲಿನ ಸ್ವರಗಳನ್ನೇ. ಕುತ್ತಿಗೆ ಪಿಕಪ್‌ನಲ್ಲಿ ನುಡಿಸಿದರೆ ಅವರಿಗೆ ತಮ್ಮ ಬೆರಳು ಎಲ್ಲಿ ಬಿತ್ತು ಅಂತಲೇ ಸರಿಯಾಗಿ ಕೇಳಲ್ಲ. "ಕಂಬಳಿ ಹೊದ್ದು ಹಾಡಿದಂಗೆ ಕೇಳ್ತತಪಾ" ಅಂದು ಗಿಟಾರನ್ನು ಅಟ್ಟಕ್ಕೆ ಏರಿಸಿದ್ದರು. ಬ್ರಿಡ್ಜ್ ಪಿಕಪ್ ಬಂದರೆ ನುಡಿಸ್ತಾರೆ, ಬರದಿದ್ದರೆ ಇಲ್ಲ. ವಿಷಯ ಇಷ್ಟು.

ನಾನು ಸಾಫ್ಟ್‌ವೇರ್‌ನವನು. ಬೆಂಗಳೂರಿನ ಕೆಲಸವನ್ನು ದಾವಣಗೆರೆಯ ಮನೆಯಿಂದ ಮಾಡ್ತೀನಿ. ಓದಿದ್ದು ಎಲೆಕ್ಟ್ರಾನಿಕ್ಸ್ ಆದ್ದರಿಂದ ಮನೆಯಲ್ಲಿ ಒಂದು ಮಲ್ಟಿಮೀಟರ್ ಇದೆ. ಪಿಕಪ್ ಸತ್ತಿದೆ ಅಂತ ತೀರ್ಮಾನಿಸೋಕೆ ಅಷ್ಟು ಸಾಕು. ಎರಡು ತುದಿಗೆ ಮೀಟರ್ ಹಿಡಿದು ರೋಧ ನೋಡಬೇಕು. ಸಾಮಾನ್ಯ ಒಂಟಿ ಸುರುಳಿಯ ಪಿಕಪ್ ಐದೂವರೆಯಿಂದ ಏಳು ಸಾವಿರ ಓಮ್ ತೋರಿಸುತ್ತೆ. ಚೆನ್ನಾಗಿದ್ದದ್ದು 5,800 ತೋರಿಸಿತು. ಸತ್ತದ್ದರಲ್ಲಿ ಏನೂ ಇಲ್ಲ, ಅಂದರೆ ಒಳಗೆಲ್ಲೋ ತಂತಿ ತುಂಡಾಗಿದೆ. ಇಲ್ಲೊಂದು ಮಾತು: ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತೆ. ಡಿಸೆಂಬರ್‌ನಲ್ಲಿ 5,800 ತೋರಿಸುವ ಪಿಕಪ್ ನಮ್ಮೂರ ಏಪ್ರಿಲ್ ಮಧ್ಯಾಹ್ನ 6,100 ತೋರಿಸಿದರೆ ಗಾಬರಿ ಬೀಳಬೇಡಿ.

ತುಂಡಾಗಿರೋದು ಎಷ್ಟೋ ಸಲ ಹೊರಗಿನ ಬೆಸುಗೆಯ ಹತ್ತಿರವೇ ಇರುತ್ತೆ. ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಜೀವ ಬರುತ್ತೆ. ಮೊದಲು ಅದನ್ನೇ ನೋಡಬೇಕು. ಭೂತಗನ್ನಡಿ ಹಿಡಿದು ನೋಡಿದೆ. ನಮ್ಮದರಲ್ಲಿ ಹೊರಗಿನದು ಸರಿ ಇತ್ತು, ಒಳಗಿನ ತುದಿಯಲ್ಲಿ ಹಸಿರು ಕಿಲುಬು. ಬೆವರು ಇಳಿದು ಇಳಿದು ತಾಮ್ರ ತಿಂದಿತ್ತು. ಒಳತುದಿ ಹೋದರೆ ಇಡೀ ಸುರುಳಿ ಬಿಚ್ಚದೆ ದಾರಿಯಿಲ್ಲ.

ಸರಿ, ಹೊಸದು ಕೊಳ್ಳೋಣ ಅಂತ ಹೊರಟೆ. ಬದಲಿ ಪಿಕಪ್ ಅನ್ನೋದು ದೊಡ್ಡ ವ್ಯಾಪಾರ. 1970ರ ದಶಕದಲ್ಲಿ ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ, ಕ್ಯಾಲಿಫೋರ್ನಿಯಾದ ಸೆಮೂರ್ ಡಂಕನ್ ಅದನ್ನು ಬೆಳೆಸಿದರು. ಇವತ್ತು ಅವರ ಪಿಕಪ್ ಭಾರತದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತೆ. ಚೀನಾದ ಅಗ್ಗದವೂ ರಾಶಿ ಇವೆ. ತೊಂದರೆ ದುಡ್ಡಿನದಲ್ಲ, ಅಳತೆಯದು. ಹೊಸ ಪಿಕಪ್‌ಗಳೆಲ್ಲ ಫೆಂಡರ್ ಅಥವಾ ಗಿಬ್ಸನ್ ಅಳತೆಗೆ ಮಾಡಿದವು. ಫೆಂಡರ್ ಸ್ಟ್ರಾಟೋಕಾಸ್ಟರ್ ತರದ್ದರಲ್ಲಿ ಮೊದಲ ಮೊಳೆಯಿಂದ ಆರನೇ ಮೊಳೆಗೆ ಸುಮಾರು 52 ಮಿ.ಮೀ. ಮಾವನ ಗಿಟಾರಿನಲ್ಲಿ ವರ್ನಿಯರ್ ಹಿಡಿದರೆ 48. ನಾಲ್ಕು ಮಿ.ಮೀ. ಏನು ಮಹಾ ಅನ್ನಬೇಡಿ. ಎರಡು ಕಡೆಯ ತಂತಿಗಳೂ ತಮ್ಮ ಮೊಳೆಯ ಮೇಲೆ ನಿಲ್ಲದೆ ಎರಡೆರಡು ಮಿ.ಮೀ. ಒಳಗೆ ಬೀಳ್ತವೆ, ಅವುಗಳ ಸದ್ದು ಸೊರಗಬಹುದು. ಅದಕ್ಕಿಂತ ದೊಡ್ಡ ವಿಷಯ, ಹೊಸದರ ಡಬ್ಬಿ ಉದ್ದ. ಅದನ್ನು ಕೂರಿಸಬೇಕಾದರೆ ಗಿಟಾರಿನ ಮರವನ್ನು ಉಳಿಯಿಂದ ಕೊರೆಯಬೇಕು.

ಮಾವ ಒಪ್ಪಿಬಿಟ್ಟರು. "ಕೊರಿ, ಹಾಕು. ಕಟ್ಟಿಗಿ ಏನು ದೇವರೇನು?" ಅಂದರು. ನನಗೆ ಮನಸ್ಸು ಬರಲಿಲ್ಲ. ಹಳೇದೆಲ್ಲ ಪವಿತ್ರ ಅನ್ನುವ ಪೈಕಿ ನಾನಲ್ಲ. ಈ ಗಿಟಾರಿಗೆ ಸಂಗ್ರಹಕಾರರ ಬೆಲೆಯೂ ಇಲ್ಲ. ಆದರೆ ಕೊರೆದ ಮರ ಮತ್ತೆ ಬೆಳೆಯಲ್ಲ. ಹೊಸ ಪಿಕಪ್ ಕೂರಿಸಿದ ಮೇಲೆ ಅದು ಮಾವನಿಗೆ ಹಿಡಿಸದಿದ್ದರೆ ಹಿಂದಕ್ಕೆ ಹೋಗೋಕೆ ದಾರಿ ಇರಲ್ಲ. ಹಳೇ ಸುರುಳಿಯನ್ನೇ ಮತ್ತೆ ಸುತ್ತಿಸಿದರೆ, ಕೆಟ್ಟರೆ ಕೆಡೋದು ಮೂವತ್ತು ಗ್ರಾಂ ತಾಮ್ರ. ಮೋಟಾರ್ ಸುಟ್ಟರೆ ಹೊಸ ಮೋಟಾರ್ ತರದೆ ರಿವೈಂಡ್ ಮಾಡಿಸುವ ಊರಲ್ಲಿ ಹುಟ್ಟಿ, ಇದಕ್ಕೆ ಕ್ಯಾಲಿಫೋರ್ನಿಯಾ ಕಡೆ ಮುಖ ಮಾಡೋದು ಯಾಕೆ?

ತಂತಿ ಎಷ್ಟು ದಪ್ಪ, ಎಷ್ಟು ಸುತ್ತು, ಇವೆರಡು ಗೊತ್ತಾಗಬೇಕಿತ್ತು. ಇದರಲ್ಲಿ ನನಗೆ ತುಂಬಾ ಖುಷಿ ಸಿಕ್ಕಿತು, ಸ್ವಲ್ಪ ವಿವರವಾಗಿ ಹೇಳ್ತೀನಿ. ಕಿಲುಬಿಲ್ಲದ ಕಡೆಯಿಂದ ಹಳೇ ತಂತಿ ಬಿಚ್ಚಿ, ಒಂದು ನುಣುಪು ರೀಫಿಲ್ ಮೇಲೆ ಒತ್ತೊತ್ತಾಗಿ 50 ಸುತ್ತು ಸುತ್ತಿದೆ. ಪಿ.ಯು.ಸಿ. ಪ್ರಯೋಗಶಾಲೆಯ ಹಳೇ ಉಪಾಯ. 50 ಸುತ್ತಿನ ಅಗಲ ಮೂರೂವರೆ ಮಿ.ಮೀ. ಅಂದರೆ ಒಂದು ಎಳೆ, ಮೇಲಿನ ಎನಾಮಲ್ ಲೇಪ ಸೇರಿ, 0.07 ಮಿ.ಮೀ. ಲೇಪ ಕಳೆದರೆ ತಾಮ್ರ ಸುಮಾರು 0.063. ಇದು ಅಮೆರಿಕನ್ ಲೆಕ್ಕದ 42 ಗೇಜ್, ಪಿಕಪ್‌ಗಳಿಗೆ ಜಗತ್ತಿನಲ್ಲೆಲ್ಲ ಬಳಸೋದು ಹೆಚ್ಚಾಗಿ ಇದನ್ನೇ.

ಇಲ್ಲೇ ಎಚ್ಚರ ಬೇಕಾದದ್ದು. ಇಂಟರ್ನೆಟ್‌ನಲ್ಲಿ ಓದಿ ನಮ್ಮೂರ ಅಂಗಡಿಗೆ ಹೋಗಿ "42 ಗೇಜ್ ಕೊಡಿ" ಅಂದರೆ ಬೇರೇನೇ ತಂತಿ ಬರುತ್ತೆ. ನಮ್ಮಲ್ಲಿ ವೈಂಡಿಂಗ್‌ನವರು ಹೇಳೋದು ಬ್ರಿಟಿಷ್ ಎಸ್.ಡಬ್ಲ್ಯೂ.ಜಿ. ಲೆಕ್ಕ. ಅದರಲ್ಲಿ 42 ಅಂದರೆ 0.1 ಮಿ.ಮೀ. ಅದನ್ನು ಸುತ್ತಿದರೆ ಪಿಕಪ್ಪಿನ ಬಾಬಿನ್‌ನಲ್ಲಿ ಅರ್ಧ ಸುತ್ತೂ ಹಿಡಿಸಲ್ಲ. ಬೇಕಾದ್ದು ಎಸ್.ಡಬ್ಲ್ಯೂ.ಜಿ. 46, ಅದು 0.061 ಮಿ.ಮೀ., ಕೂದಲಷ್ಟು ಹತ್ತಿರ. ಸೀಲಿಂಗ್ ಫ್ಯಾನ್ ಸುತ್ತುವವರ ಹತ್ತಿರ ಇಷ್ಟು ಸಣ್ಣದು ಇರಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರ್ಧ ಕೆ.ಜಿ. ರೀಲ್ ತಂದೆ. ಬೆಸುಗೆಯ ಕಾವಿಗೇ ಲೇಪ ಕರಗುವಂಥದ್ದು ಕೇಳಿ ತಗೊಳ್ಳಿ, ಇಷ್ಟು ಸಣ್ಣ ತಂತಿಯನ್ನು ಬ್ಲೇಡಿನಿಂದ ಹೆರೆಯೋಕೆ ಆಗಲ್ಲ.

ಸುತ್ತಿನ ಲೆಕ್ಕಕ್ಕೆ ಹಳೇದನ್ನು ಬಿಚ್ಚುತ್ತಾ ಎಣಿಸೋಣ ಅಂದರೆ ಅದು ಹತ್ತತ್ತು ಸುತ್ತಿಗೆ ತುಂಡಾಗುತ್ತಿತ್ತು. ಜೋಡಿ ಪಿಕಪ್ ಚೆನ್ನಾಗಿತ್ತಲ್ಲ, ಅದನ್ನೇ ಸಾಕ್ಷಿ ಮಾಡಿದೆ. 42 ಗೇಜ್ ತಾಮ್ರ ಮೀಟರಿಗೆ ಸುಮಾರು 5.4 ಓಮ್. 5,800 ಓಮ್ ಬರಬೇಕಾದರೆ ಸಾವಿರದ ಎಪ್ಪತ್ತು ಮೀಟರ್ ತಂತಿ ಬೇಕು. ಸುರುಳಿಯ ಸರಾಸರಿ ಒಂದು ಸುತ್ತು ಹದಿಮೂರೂವರೆ ಸೆಂ.ಮೀ. ಭಾಗಿಸಿದರೆ ಸುಮಾರು 7,900 ಸುತ್ತು. ಬೆರಳಷ್ಟು ಉದ್ದದ ಡಬ್ಬಿಯೊಳಗೆ ಒಂದು ಕಿಲೋಮೀಟರಿಗೂ ಹೆಚ್ಚು ತಂತಿ!

ದಾವಣಗೆರೆಯಲ್ಲಿ ನಾಲ್ಕು ಅಂಗಡಿಗೆ ಹೋದೆ. ಇಬ್ಬರು ನಕ್ಕರು. ಒಬ್ಬರು ರೀಲನ್ನು ಬೆಳಕಿಗೆ ಹಿಡಿದು "ತಂತಿ ಎಲ್ಲೈತ್ರಿ?" ಅಂದರು. ನಾಲ್ಕನೆಯವರು ಸರಿಯಾದ ದಾರಿ ತೋರಿಸಿದರು: "ಮೋಟಾರ್‌ನವರ ಹತ್ರ ಆಗಲ್ಲ. ರಿಲೇ ಕಾಯಿಲ್, ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತೋರನ್ನ ಹುಡುಕ್ರಿ. ಹರಿಹರಕ್ಕೆ ಹೋಗ್ರಿ."

ಹರಿಹರ ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. ಹೊರಗಿನವರಿಗೆ ತುಂಗಭದ್ರೆ, ಹರಿಹರೇಶ್ವರ ದೇವಸ್ಥಾನದ ಊರು. ನಮ್ಮ ಕಡೆಯವರಿಗೆ ಅದು ಲೇತ್‌ನ ಊರೂ ಹೌದು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಅಲ್ಲಿ ಲೇತ್ ತಯಾರಿಸೋಕೆ ಶುರು ಮಾಡಿದ ಮೇಲೆ ಊರಿನ ಕೈಗೆಲ್ಲ ಉಕ್ಕಿನ ಅಭ್ಯಾಸ ಹತ್ತಿತು. ಕಾರ್ಖಾನೆ ಈಗಿಲ್ಲ. ಅಳತೆ ಹಿಡಿದು ಕೆಲಸ ಮಾಡುವ ಜನ ಇದ್ದಾರೆ.

ಮಾವನಿಗೆ ಪರಿಚಯದ ಒಬ್ಬರು ಸಿಕ್ಕರು. ಅರವತ್ತು ದಾಟಿದವರು, ಕಣ್ಣಿಗೆ ದಪ್ಪ ಕನ್ನಡಕ, ಅಂಗಡಿಯಲ್ಲಿ ಕೈಯಿಂದ ತಿರುಗಿಸುವ ಹಳೇ ವೈಂಡಿಂಗ್ ಯಂತ್ರ, ಅದಕ್ಕೆ ಸುತ್ತು ಎಣಿಸುವ ಹಲ್ಲುಚಕ್ರದ ಕೌಂಟರ್. ಪಿಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಕಾಯಿಲ್ಲೇ ಅಲ್ವಾ, ಹೆಸರು ಬ್ಯಾರೆ ಅಷ್ಟೆ" ಅಂದರು. ತೊಂದರೆ ಒಂದೇ. ಬಾಬಿನ್ ಚಪ್ಪಟೆ, ಉದ್ದ. ಯಂತ್ರದ ಕಡ್ಡಿಗೆ ಕೂರೋದಿಲ್ಲ. ಹಿಡಿಯೋಕೆ ಒಂದು ಫಿಕ್ಸ್ಚರ್ ಬೇಕು.

ಆಗ ಮಾವ ಎದ್ದರು. ಹತ್ತು ವರ್ಷದಿಂದ ಲೇತ್ ಮುಟ್ಟದವರು ತಾವು ಮೊದಲು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿಗೆ ನನ್ನನ್ನು ಕರೆದುಕೊಂಡು ಹೋಗಿ, ಒಂದು ನೈಲಾನ್ ತುಂಡು ಕೇಳಿ ಪಡೆದು, ಚಕ್‌ಗೆ ಕಚ್ಚಿಸಿದರು. ಒಂದು ತಟ್ಟೆ, ಹಿಂದೆ ಕಡ್ಡಿ, ಮುಂದೆ ಪಿಕಪ್ಪಿನ ಅಳತೆಗೆ ಕಚ್ಚು. ಮುಕ್ಕಾಲು ಗಂಟೆ. ಗಿಟಾರಿನ ಸದ್ದು ಸರಿಯಾಗಿ ಕೇಳದ ಕಿವಿಗೆ ಟೂಲ್ ಹರಿತ ಹೋಗಿದ್ದು ಮಾತ್ರ ಕೇಳಿತು. ಮಧ್ಯೆ ನಿಲ್ಲಿಸಿ ಅರೆದು ತಂದರು. ನಾನು ಮೊಬೈಲ್‌ನಲ್ಲಿ ಫೋಟೊ ತೆಗೆದದ್ದು ಬಿಟ್ಟರೆ ಅಲ್ಲಿ ನನ್ನಿಂದ ಏನೂ ಉಪಯೋಗ ಇರಲಿಲ್ಲ.

ಸುತ್ತುವ ಕೆಲಸದಲ್ಲಿ ಯಂತ್ರ ನೆಪಮಾತ್ರ. ಎಲ್ಲಾ ಇರೋದು ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ. ಸಡಿಲ ಬಿಟ್ಟರೆ ಸುರುಳಿ ಉಬ್ಬಿ ಡಬ್ಬಿಗೆ ಹೋಗಲ್ಲ, ಆಮೇಲೆ ಕಿರುಚುತ್ತೆ. ಬಿಗಿ ಹಿಡಿದರೆ ಫಟ್. ಚಪ್ಪಟೆ ಬಾಬಿನ್ ಆದ್ದರಿಂದ ಒಂದೊಂದು ಸುತ್ತಿನಲ್ಲೂ ಎರಡು ಸಲ ಜಗ್ಗು ಏರುತ್ತೆ, ಎರಡು ಸಲ ಇಳಿಯುತ್ತೆ. ಬೆರಳು ಅದರ ತಾಳ ಹಿಡಿಯಬೇಕು. ಮೊದಲ ಸಲ 400ಕ್ಕೆ ತುಂಡಾಯಿತು. ಎರಡನೇ ಸಲ 2,300ಕ್ಕೆ. ಅಂಟಿಸಿ ಮುಂದುವರಿಸಬಹುದಿತ್ತು, ಅವರು ಒಪ್ಪಲಿಲ್ಲ. "ಒಳಗೆ ಗಂಟು ಇಟ್ಟು ಕೊಡಲ್ಲ" ಅಂತ ಎಲ್ಲಾ ಬಿಚ್ಚಿ ಬಿಸಾಕಿದರು. ಬೆರಳಿಗೆ ಒಂದು ಚೂರು ಫೆಲ್ಟ್ ಬಟ್ಟೆ ಸುತ್ತಿಕೊಂಡು, ಫ್ಯಾನ್ ಆಫ್ ಮಾಡಿಸಿ (ಗಾಳಿಗೆ ತಂತಿ ಹಾರುತ್ತೆ), ಮೂರನೇ ಸಲ ಕೂತರು. ಅಂಗಡಿಗೆ ಬಂದವರನ್ನೆಲ್ಲ ಮಾವ ಬಾಗಿಲಲ್ಲೇ ತಡೆದರು. ಒಂದೂಕಾಲು ಗಂಟೆಯಾದ ಮೇಲೆ ಕೌಂಟರ್ 7,900.

ಮೀಟರ್ ಹಿಡಿದರೆ 6,200 ಓಮ್. ಜೋಡಿ ಪಿಕಪ್ಪಿಗಿಂತ ಹೆಚ್ಚು. ಅದು ನಿರೀಕ್ಷಿಸಿದ್ದೇ, ನಮ್ಮ ತಂತಿ ಚೂರು ತೆಳ್ಳಗಿತ್ತಲ್ಲ. ಓಮ್ ಹೆಚ್ಚಿದ್ದರೆ ಸದ್ದು ಹೆಚ್ಚು ಅಂತ ಮಾರುವವರು ಹೇಳ್ತಾರೆ, ಪೂರ್ತಿ ನಂಬಬೇಡಿ. ಸದ್ದು ಹುಟ್ಟಿಸೋದು ಸುತ್ತಿನ ಸಂಖ್ಯೆ ಮತ್ತು ಅಯಸ್ಕಾಂತ. ತೆಳ್ಳನೆಯ ತಂತಿ ಸುತ್ತಿ ಓಮ್ ಏರಿಸೋದು ಯಾರಿಗಾದರೂ ಬರುತ್ತೆ. ಕೂಲಿ ಎಷ್ಟು ಅಂದರೆ ಎರಡು ಫ್ಯಾನ್ ಸುತ್ತುವ ದುಡ್ಡು ಕೇಳಿದರು. ಇನ್ನೂ ಸ್ವಲ್ಪ ಸೇರಿಸಿ ಕೊಟ್ಟೆವು.

ಮುಂದಿನದು ಮನೆಯಲ್ಲಿ. ಸುರುಳಿಯ ಎಳೆಗಳು ಅಲುಗದ ಹಾಗೆ ಮೇಣ ಕುಡಿಸಬೇಕು, ಇಲ್ಲದಿದ್ದರೆ ಜೋರಾಗಿ ಇಟ್ಟಾಗ ಪಿಕಪ್ ಮೈಕಿನಂತೆ ಕಿರುಚುತ್ತೆ. ಮೇಣವನ್ನು ನೇರ ಬೆಂಕಿಯ ಮೇಲೆ ಇಡಲೇಬೇಡಿ, ಹೊತ್ತಿಕೊಳ್ಳುತ್ತೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, 65 ಡಿಗ್ರಿ ದಾಟದಂತೆ ನೋಡಿಕೊಂಡು, ಗುಳ್ಳೆ ನಿಲ್ಲುವವರೆಗೆ ಮುಳುಗಿಸಿಟ್ಟೆ. ಹೆಚ್ಚು ಕಾವಾದರೆ ಹಳೇ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಪಾತ್ರೆಯ ವಿಷಯದಲ್ಲಿ ಅಮ್ಮನನ್ನು ಮೊದಲೇ ಕೇಳಿಕೊಳ್ಳಿ.

ಕೂರಿಸುವ ಮುಂಚೆ ಒಂದು ಸಣ್ಣ ಸುಧಾರಣೆ ಮಾಡಿದೆ. ಒಂಟಿ ಸುರುಳಿಯ ಪಿಕಪ್‌ಗೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅಂಟಿಕೊಳ್ಳೋದು ಹುಟ್ಟುಗುಣ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಜೋಡಿಸಿ, ಒಂದರ ಅಯಸ್ಕಾಂತವನ್ನೂ ಮಗುಚಿದರೆ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತೆ, ತಂತಿಯ ಸದ್ದು ಮಾತ್ರ ಕೂಡುತ್ತೆ. ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್ಪಿನ ಗುಟ್ಟು ಇದೇ. ಮಾವನ ಪಿಕಪ್ಪಿನಲ್ಲಿ ಅಯಸ್ಕಾಂತ ಕೆಳಗೆ ಬೇರೆ ಪಟ್ಟಿಯಾಗಿತ್ತು, ತೆಗೆದು ಮಗುಚಿ ಇಟ್ಟೆ, ಎರಡು ವೈರ್ ಅದಲು ಬದಲು ಮಾಡಿದೆ. ಹೀಗಾಗಿ ಸುತ್ತುವಾಗ ಯಾವ ದಿಕ್ಕಿಗೆ ಸುತ್ತಿದರು ಅನ್ನೋ ತಲೆಬಿಸಿಯೂ ಇಲ್ಲ. ಎರಡೂ ಒಟ್ಟಿಗೆ ಹಾಕಿದಾಗ ಸದ್ದು ತೆಳ್ಳಗೆ ಟೊಳ್ಳಾಗಿ ಬಂದರೆ ವೈರ್ ತಿರುಗಿಸಬೇಕು ಅಷ್ಟೆ. ಸ್ವಿಚ್ ನಡುವೆ ಇಟ್ಟರೆ ಈಗ ಗಿಟಾರ್ ಮೌನ.

ಅಹುಜಾ ಆಂಪ್ಲಿಫೈಯರಿಗೆ ಸಿಕ್ಕಿಸಿ ಮಾವನ ಕೈಗೆ ಕೊಟ್ಟೆ. ಬ್ರಿಡ್ಜ್ ಪಿಕಪ್, ಎರಡನೇ ತಂತಿ. ಒಂದು ಸಲ ಮೀಟಿ ಸುಮ್ಮನಾದರು. ಪಿಕಪ್ಪಿನ ಸ್ಕ್ರೂ ಅರ್ಧ ಸುತ್ತು ಏರಿಸು ಅಂದರು, ಏರಿಸಿದೆ. ಇಳಿಸು ಅಂದರು. ತಂತಿಯಿಂದ ಮೂರು ಮಿ.ಮೀ. ದೂರಕ್ಕೆ ಬಂದು ನಿಂತೆವು. ಆಮೇಲೆ 'ಗೀತಾ' ಚಿತ್ರದ್ದೊಂದು ತುಣುಕು ನುಡಿಸಿದರು. ಬೆರಳು ಎರಡು ಕಡೆ ತಪ್ಪಿತು. ಎರಡು ಸಲವೂ ಅವರೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಸರಿ ಮಾಡಿಕೊಂಡರು. ತಪ್ಪಿದ್ದು ಅವರಿಗೇ ಕೇಳಿತ್ತು.

"ಮೊದಲಿನ ಸದ್ದೇನು?" ಅಂತ ಕೇಳಿದೆ. "ಅಲ್ಲ. ಮೊದಲಿಂದು ಇನ್ನೂ ಸ್ವಲ್ಪ ಒರಟಿತ್ತು" ಅಂದರು. ಇರಬಹುದು. ಅಥವಾ ನಲವತ್ತು ವರ್ಷದ ಹಿಂದಿನ ಕಿವಿ ಬೇರೆ ಇದ್ದಿರಬಹುದು. ಅದನ್ನು ಮಲ್ಟಿಮೀಟರ್ ಹೇಳಲ್ಲ.

ಗಿಟಾರ್ ಅಟ್ಟದಿಂದ ಇಳಿದು ಈಗ ದಿವಾನದ ಮೇಲಿದೆ. ನನ್ನ ಹತ್ತಿರ ಉಳಿದ ತಂತಿ ಇನ್ನೂ ಹತ್ತು ಹನ್ನೆರಡು ಪಿಕಪ್ಪಿಗೆ ಸಾಕು. ನೈಲಾನ್ ಫಿಕ್ಸ್ಚರ್ ಹರಿಹರದ ಅಂಗಡಿಯಲ್ಲೇ ಬಿಟ್ಟು ಬಂದಿದ್ದೀವಿ, ಅವರೇ ಇಟ್ಟುಕೊಳ್ತೀನಿ ಅಂದರು. ಮಾವನ ತಕರಾರು ಈಗ ವಾಲ್ಯೂಮ್ ಗುಬುಟದ್ದು, ತಿರುಗಿಸಿದರೆ ಕರಕರ ಅನ್ನುತ್ತೆ. ಅದೇನೂ ದೊಡ್ಡದಲ್ಲ. ಐನೂರು ಕಿಲೋ ಓಮ್‌ನ ಪೊಟೆನ್ಷಿಯೋಮೀಟರ್, ದಾವಣಗೆರೆಯಲ್ಲೇ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ.